ಹಳಿಯಾಚೆಯ ಹನ್ನೊಂದು ಮಕ್ಕಳು

ಏಪ್ರಿಲ್ ಬಂತೆಂದರೆ ಸರಕಾರಿ ಶಾಲೆಯ ಟೀಚರಿಗೆ ಎರಡು ಜೊತೆ ಚಪ್ಪಲಿ ಬೇಕು ಎಂದು ಶರ್ಲಿ ಟೀಚರ್ ಹೇಳುವುದುಂಟು. ಒಂದು ಶಾಲೆಗೆ ಹೋಗಲು, ಇನ್ನೊಂದು ಮಕ್ಕಳನ್ನು ಹುಡುಕಲು. ಹುಡುಕುವುದೆಂದರೆ ಕಾಣೆಯಾದ ಮಕ್ಕಳನ್ನಲ್ಲ. ಬರುವ ಜೂನಿನಲ್ಲಿ ಒಂದನೆಯ ತರಗತಿಗೆ ಸೇರಬೇಕಾದ ಮಕ್ಕಳು ಯಾವ ಮನೆಯಲ್ಲಿದ್ದಾರೆಂದು ತಿಳಿದುಕೊಂಡು, ನಾಯಿ ಉಂಟಾ ಎಂದು ಗೇಟಿನಲ್ಲೇ ಕೂಗಿ ಕೇಳಿ, ಒಳಗೆ ಹೋಗಿ, ಅವರು ಕೊಟ್ಟ ಶರಬತ್ತು ಕುಡಿದು, "ನಮ್ಮ ಶಾಲೆಗೇ ಕಳಿಸಿ" ಎಂದು ಬೇಡಿಕೊಳ್ಳುವುದು. ಹೆಚ್ಚಿನವರು "ನೋಡುವ ಟೀಚರ್" ಅನ್ನುತ್ತಾರೆ. ನೋಡುವ ಅಂದರೆ ಇಲ್ಲ ಎಂದರ್ಥ. ಮೂವತ್ತನಾಲ್ಕು ವರ್ಷ ಆ ಮಾತನ್ನು ಕೇಳಿ ಶರ್ಲಿ ಟೀಚರಿಗೆ ಶರಬತ್ತಿನ ರುಚಿಯೇ ಬೇಸರ ತರಿಸಿತ್ತು.

ಈ ಹುಡುಕಾಟಕ್ಕೆ ಎಲ್ಲೂ ಬರೆದಿಡದ ಒಂದು ಕಟ್ಟಳೆಯಿತ್ತು. ಕುಲಶೇಖರದಿಂದ ಸ್ವಲ್ಪ ಒಳಗೆ ಗೋಳಿಪದವು, ಅಲ್ಲಿ ಶರ್ಲಿ ಟೀಚರ ಹಿರಿಯ ಪ್ರಾಥಮಿಕ ಶಾಲೆ. ಅದರಾಚೆ ನೆಲ್ಲಿಗುಡ್ಡೆ, ಅಲ್ಲಿ ಸ್ನೇಹಲತಾ ಟೀಚರ ಕಿರಿಯ ಪ್ರಾಥಮಿಕ ಶಾಲೆ. ನಡುವೆ ರೈಲು ಹಳಿ. ಹಳಿಯ ಈಚೆಯ ಮನೆಗಳು ಇವರಿಗೆ, ಆಚೆಯವು ಅವರಿಗೆ. ಆಚೆಯ ಮನೆಯವರು ತಾವಾಗಿ ಬಂದು ಕೇಳಿದರೂ, "ನಿಮಗೆ ಹತ್ತಿರದ ಶಾಲೆ ಉಂಟಲ್ಲ" ಎಂದು ಹಿಂದೆ ಕಳಿಸುವುದು ವಾಡಿಕೆ.

ಇಬ್ಬರೂ ಟೀಚರ್ ಟ್ರೈನಿಂಗಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಸ್ನೇಹಲತಾ ಬಂಟರ ದೊಡ್ಡ ಮನೆಯ ಹುಡುಗಿ. ಮನೆಯ ಗದ್ದೆಗಳು ಕೈಬಿಟ್ಟ ಮೇಲೆ ಅಣ್ಣಂದಿರು ಹೋಟೆಲಿಗೆ ಇಳಿದರು, ತಂಗಿ ಚಾಕ್‌ಪೀಸು ಹಿಡಿದಳು. ಶರ್ಲಿ ಕುಲಶೇಖರದ ಕೊಂಕಣಿ ಕ್ರೈಸ್ತರ ಮನೆಯವರು. ಅಕ್ಕ ನರ್ಸ್, ತಾನು ಟೀಚರ್. ಒಂದು ಏಪ್ರಿಲಿನಲ್ಲಿ ಶರ್ಲಿ ಟೈಫಾಯ್ಡ್ ಹಿಡಿದು ಮಲಗಿದ್ದಾಗ, ಸ್ನೇಹಲತಾ ಹಳಿ ದಾಟಿ ಬಂದು, ಈಚೆಯ ಮನೆಗಳನ್ನೆಲ್ಲ ತಿರುಗಿ, ಹದಿನಾರು ಮಕ್ಕಳ ಹೆಸರನ್ನು ಗೋಳಿಪದವು ಶಾಲೆಗೇ ಬರೆಸಿ ಹೋಗಿದ್ದರು. ಒಂದನ್ನೂ ತನ್ನ ಶಾಲೆಗೆ ಒಯ್ದಿರಲಿಲ್ಲ. ಹಾಗಿತ್ತು ಆ ಕಾಲ.

ಶರ್ಲಿ ಟೀಚರ್ ಗೋಳಿಪದವಿಗೆ ಬಂದಾಗ ಶಾಲೆಯಲ್ಲಿ ಇನ್ನೂರರಷ್ಟು ಮಕ್ಕಳಿದ್ದರು. ವರ್ಷಕ್ಕಿಷ್ಟು ಎಂದು ಇಳಿಯುತ್ತ ಇಳಿಯುತ್ತ ಅದು ಮೂವತ್ತೆಂಟಕ್ಕೆ ಬಂದು ನಿಂತಿತು. ಹಳೆಯ ಮುಖ್ಯಶಿಕ್ಷಕರು ನಿವೃತ್ತರಾದ ಮೇಲೆ ಯಾರೂ ಬರಲಿಲ್ಲ. ಇದ್ದವರಲ್ಲಿ ಹಿರಿಯರೆಂದು ಶರ್ಲಿ ಟೀಚರ ಹೆಗಲಿಗೆ ಆ ಹೊಣೆ ಬಿತ್ತು. ಅವರು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗವೊಂದನ್ನು ಇಲಾಖೆಯ ಅನುಮತಿ ಪಡೆದು ತೆರೆದರು. ಅದಕ್ಕೆ ಗ್ರೀಷ್ಮಾ ಎಂಬ ಹುಡುಗಿಯನ್ನು ಗೌರವ ಶಿಕ್ಷಕಿಯಾಗಿ ತಂದರು. ಅವಳ ಸಂಬಳ ಹಳೆ ವಿದ್ಯಾರ್ಥಿ ಸಂಘದ್ದು. ಸಂಘದ ಅಧ್ಯಕ್ಷ ವಾಲ್ಟರ್ ಕುವೈತಿನಿಂದ ಹಿಂದೆ ಬಂದು ಪೇಟೆಯ ಫಳ್ನೀರಿನಲ್ಲಿ ಟ್ರಾವೆಲ್ಸ್ ನಡೆಸುವವನು. ಅವನ ಹಿಂದೆ ಆರು ತಿಂಗಳು ಬಿದ್ದು ಒಂದು ವ್ಯಾನ್ ಮಾಡಿಸಿಕೊಂಡರು. ಹಳೆಯದೇ, ಆದರೆ ಹಳದಿ ಬಣ್ಣ ಬಳಿದು ಶಾಲೆಯ ಹೆಸರು ಬರೆಸಿದ ಮೇಲೆ ನೋಡಲಿಕ್ಕೆ ಚಂದವಾಯಿತು.

ವ್ಯಾನ್ ಬಂದದ್ದೇ, ಮಕ್ಕಳು ಬಂದರು. ಮೂವತ್ತೆಂಟು ಅರುವತ್ತಾಯಿತು, ತೊಂಬತ್ತಾಯಿತು, ಎರಡು ವರ್ಷ ಕಳೆಯುವಾಗ ನೂರ ಮೂವತ್ತೊಂಬತ್ತು. ಪೇಪರಿನವರು ಬಂದು ವ್ಯಾನಿನೆದುರು ನಿಲ್ಲಿಸಿ ಫೋಟೋ ತೆಗೆದರು. ಆದರೆ ಕೋಣೆಗಳು ಮೊದಲಿನಷ್ಟೇ, ಖಾಯಂ ಟೀಚರುಗಳು ಮೂವರೇ. ಆರನೆಯ ಮತ್ತು ಏಳನೆಯ ತರಗತಿಗಳನ್ನು ಶಾಲೆಯಂಗಳದ ತೆರೆದ ರಂಗಮಂಟಪದ ಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂರಿಸಿದರು. ಒಂದು ಕಡೆ ಭಿನ್ನರಾಶಿ, ಇನ್ನೊಂದು ಕಡೆ ಹಕ್ಕಿಗಳ ವಲಸೆ. ಗಾಳಿ ಬಂದ ಕಡೆಗೆ ಪಾಠ ಹಾರುತ್ತಿತ್ತು. ಶರ್ಲಿ ಟೀಚರ್ ಸಂಜೆ ಮನೆಗೆ ಹೋದರೆ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಅರ್ಧ ಗಂಟೆ ಕೂರುತ್ತಿದ್ದರು.

ವ್ಯಾನ್ ಹಳಿ ದಾಟಿದ ಕಥೆ ಹೀಗೆ. ಮೊದಲ ವರ್ಷವೇ ಒಂದು ದಿನ ಚಾಲಕ ಅಬೂಬಕ್ಕರ್ ತಲೆ ಕೆರೆಯುತ್ತ ಕೋಣೆಯ ಬಾಗಿಲಲ್ಲಿ ನಿಂತ. ಮೊದಲು ಬಿಕರ್ನಕಟ್ಟೆಯಲ್ಲಿ ರಿಕ್ಷಾ ಇಟ್ಟುಕೊಂಡಿದ್ದವನು.

"ಟೀಚರೇ, ಆ ನೀರಿನ ಟ್ಯಾಂಕಿನ ಹತ್ತಿರ ಮೂರು ಮಕ್ಕಳು ದಿನಾ ಕೈ ಅಡ್ಡ ಹಿಡಿತಾವೆ. ಇದು ಸರ್ವಿಸ್ ಬಸ್ಸಲ್ಲ ಮಾರಾಯ್ರೆ ಅಂದ್ರೆ ಕೇಳುದೇ ಇಲ್ಲ. ಎಂತ ಮಾಡುದು?"

"ಟ್ಯಾಂಕ್ ನೆಲ್ಲಿಗುಡ್ಡೆಯಲ್ಲಿ ಅಲ್ವಾ? ನೀವು ಹಳಿ ದಾಟಿ ಯಾಕೆ ಹೋದದ್ದು ಅಬೂಬಕ್ಕರ್?"

"ಈಚೆ ವ್ಯಾನ್ ತಿರುಗಿಸ್ಲಿಕ್ಕೆ ಜಾಗ ಎಲ್ಲುಂಟು ಟೀಚರೇ? ಹಳಿಯ ಅಡಿಯಿಂದ ನುಗ್ಗಿ, ಟ್ಯಾಂಕಿನ ಹತ್ತಿರ ಹೋಗಿಯೇ ತಿರುಗಿಸುದು. ಖಾಲಿ ಹೋಗಿ ಖಾಲಿ ಬರುವಾಗ ನಂಗೂ ಒಂಥರಾ ಆಗ್ತದೆ."

ಆ ಮಕ್ಕಳಲ್ಲೊಬ್ಬಳ ತಾಯಿ ನಜ್ಲಾ ಮರುದಿನ ಮಗಳ ಕೈ ಹಿಡಿದುಕೊಂಡು ಬಂದಳು. ಶರ್ಲಿ ಟೀಚರ್ ವಾಡಿಕೆಯ ಮಾತು ಹೇಳಿದರು. "ನಿಮಗೆ ಹತ್ತಿರದ ಶಾಲೆ ಉಂಟಲ್ಲ."

"ಉಂಟು ಟೀಚರ್. ಸ್ನೇಹಲತಾ ಟೀಚರ್ ಒಳ್ಳೆಯವರು, ಇಲ್ಲ ಅಂತ ಹೇಳಿದ್ರೆ ದೇವರು ಮೆಚ್ಚುದಿಲ್ಲ. ಆದ್ರೆ ಒಬ್ಬರೇ. ಒಂದು ದಿನ ಮೀಟಿಂಗ್, ಒಂದು ದಿನ ಓಟಿನ ಕೆಲಸ, ಒಂದು ದಿನ ಮನೆ ಮನೆ ಸರ್ವೆ. ಆವತ್ತೆಲ್ಲ ನನ್ನ ಮಗಳು ಅಡುಗೆಯ ಡಾಲಿ ಬಾಯಿಯ ಹತ್ತಿರ ಬೆಳ್ಳುಳ್ಳಿ ಸುಲಿದು ಮನೆಗೆ ಬರ್ತಾಳೆ. ಬೆಳ್ಳುಳ್ಳಿ ಸುಲಿಯುದು ನಾನೇ ಕಲಿಸ್ತೇನೆ ಟೀಚರ್, ಅದಕ್ಕೆ ಶಾಲೆ ಎಂತಕ್ಕೆ?"

ಶರ್ಲಿ ಟೀಚರ್ ದಾಖಲಾತಿ ಪುಸ್ತಕ ತೆರೆದರು. ಹೆಸರು ಬರೆದುಕೊಂಡರು. ನಾನೇನೂ ಆಚೆ ಹೋಗಿ ಕರೆದದ್ದಲ್ಲ, ಅವರೇ ಬಂದದ್ದು ಎಂದು ಸಮಾಧಾನ ಹೇಳಿಕೊಂಡರು. ಆಮೇಲೆ ಎರಡು ವರ್ಷದಲ್ಲಿ ಇಪ್ಪತ್ತಮೂರು ಮಕ್ಕಳು ಹಾಗೆ 'ಅವರೇ ಬಂದರು'. ಹೆಚ್ಚಿನವರು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದು ಲೈನ್ ಮನೆಗಳಲ್ಲಿರುವ ಕಟ್ಟಡ ಕೆಲಸದವರ ಮಕ್ಕಳು. ಪ್ರತಿ ಸಲವೂ ವರ್ಗಾವಣೆಯ ಕೋರಿಕೆಯನ್ನು ಶರ್ಲಿ ಟೀಚರೇ ಕಂಪ್ಯೂಟರಿನಲ್ಲಿ ಕಳಿಸಬೇಕು, ಆಚೆಯಿಂದ ಸ್ನೇಹಲತಾ ಒಪ್ಪಬೇಕು. ಕಳಿಸಿದ ಐದು ನಿಮಿಷದೊಳಗೆ ಒಪ್ಪಿಗೆ ಬರುತ್ತಿತ್ತು. ಒಂದು ಫೋನಿಲ್ಲ, ಯಾಕೆ ಎಂಬ ಪ್ರಶ್ನೆಯಿಲ್ಲ. ಮೂವತ್ತೈದು ವರ್ಷದ ಗೆಳೆತನದಲ್ಲಿ ಉಳಿದ ಮಾತುಕತೆ ಅಷ್ಟೇ ಆಯಿತು. ಮೀಟಿಂಗಿನಲ್ಲಿ ಎದುರಾದರೆ ಶರ್ಲಿ ಟೀಚರ್ ಚೀಲದಲ್ಲಿ ಕನ್ನಡಕ ಹುಡುಕುವರು.

ಈ ವರ್ಷ ಏಪ್ರಿಲ್ ಮೊದಲ ವಾರ, ಪರೀಕ್ಷೆಗಳು ಮುಗಿದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ನಿತ್ಯಾನಂದ ಬಂದರು. ಇಲಾಖೆಯ ಕಾಗದಗಳನ್ನು ಸ್ಕೂಟರಿನಲ್ಲಿಟ್ಟುಕೊಂಡು ಹದಿನೆಂಟು ಶಾಲೆಗಳ ನಡುವೆ ಓಡುವುದು ಅವರ ಕೆಲಸ. ಅವರೂ ಮೊದಲು ಮೇಷ್ಟ್ರೇ. ಪಾಠ ಮಾಡುವ ಭಾಗ್ಯ ಹೋಯಿತು ಎಂದು ಚಾ ಕುಡಿಯುವಾಗಲೆಲ್ಲ ಹೇಳುವರು.

"ಶರ್ಲಿ ಟೀಚರ್, ಸ್ವೀಟ್ ತರಿಸಿ. ನಿಮ್ಮ ಶಾಲೆ ಲಿಸ್ಟಿನಲ್ಲಿ ಉಂಟು. ಎರಡು ಹೊಸ ಕೋಣೆ, ಒಬ್ಬರು ಖಾಯಂ ಟೀಚರ್."

ಶರ್ಲಿ ಟೀಚರಿಗೆ ನಂಬಿಕೆಯಾಗಲಿಲ್ಲ. "ಸುಮ್ಮನೆ ಆಸೆ ಹುಟ್ಟಿಸ್ಬೇಡಿ ಸರ್."

"ನೂರೈವತ್ತು ಮಕ್ಕಳಿರ್ಬೇಕು, ಅಷ್ಟೇ ಷರತ್ತು. ಏಳನೆಯವರು ಹೋಗಿ ಒಂದನೆಯವರು ಬಂದ್ರೂ ನಿಮ್ಮದು ಅಷ್ಟೇ ಇರ್ತದೆ, ನೂರ ಮೂವತ್ತೊಂಬತ್ತು. ಬಾಕಿ ಎಷ್ಟು? ಹನ್ನೊಂದು. ನೆಲ್ಲಿಗುಡ್ಡೆಯಲ್ಲಿ ಉಳಿದದ್ದು ಎಷ್ಟು? ಅಲ್ಲಿಯೂ ಹೋಗುವವರು, ಬರುವವರು ಸರಿಹೋಗಿ ಹನ್ನೊಂದು! ದೇವರೇ ಕೂಡಿಸಿ ಕಳೆದ ಹಾಗೆ ಉಂಟು ನೋಡಿ."

ಅವರು ಒಂದು ಕಾಗದ ಹೊರಗೆ ತೆಗೆದರು. ಅಚ್ಚು ಮಾಡಿಯೇ ತಂದಿದ್ದರು, ಸಹಿ ಮಾತ್ರ ಬಾಕಿ. 'ನೆಲ್ಲಿಗುಡ್ಡೆ ಶಾಲೆಯ ಮಕ್ಕಳಿಗೆ ನಮ್ಮ ಶಾಲೆಯಿಂದ ಖಾಯಂ ವಾಹನ ವ್ಯವಸ್ಥೆ ಇರುವುದರಿಂದ, ಸದರಿ ಶಾಲೆಯನ್ನು ನಮ್ಮ ಶಾಲೆಯೊಂದಿಗೆ ವಿಲೀನಗೊಳಿಸಲು ಅಭ್ಯಂತರವಿರುವುದಿಲ್ಲ.'

"ಸ್ನೇಹಲತಾಗೆ ಗೊತ್ತುಂಟಾ?"

"ಗೊತ್ತಿಲ್ಲದೆ ಇರ್ತದಾ? ಅವರನ್ನು ಹೆಚ್ಚುವರಿ ಅಂತ ತೋರಿಸಿ ಬೇರೆ ಕಡೆ ಹಾಕ್ತಾರೆ. ಎಲ್ಲಿಗೆ ಅಂತ ನಂಗೂ ಗೊತ್ತಿಲ್ಲ. ಅಡುಗೆಯವರಿಗೆ ಎಂತ ವ್ಯವಸ್ಥೆಯೂ ಇಲ್ಲ." ನಿತ್ಯಾನಂದ ಚಾದ ಲೋಟ ಕೆಳಗಿಟ್ಟರು. "ಹತ್ತನೇ ತಾರೀಕಿನೊಳಗೆ ಕೊಡಿ ಟೀಚರ್. ನಾನು ಬರೀ ಪೋಸ್ಟ್‌ಮ್ಯಾನ್."

ಶರ್ಲಿ ಟೀಚರ್ ಎರಡು ದಿನ ಆ ಕಾಗದವನ್ನು ಮೇಜಿನ ಖಾನೆಯಲ್ಲಿಟ್ಟರು. ರಂಗಮಂಟಪದ ಮೇಲೆ ಆರನೆಯವರಿಗೆ ಬರುವ ವರ್ಷದ ಗಣಿತ ಹೇಳುವಾಗ ಗಂಟಲು ಬಿದ್ದುಹೋಯಿತು. ಎರಡು ಕೋಣೆ ಬಂದರೆ ಹೀಗೆ ಕಿರುಚಬೇಕಾಗಿಲ್ಲ ಎಂದುಕೊಂಡರು. ಕೂಡಲೇ ಸ್ನೇಹಲತಾಳ ಮುಖ ಎದುರಿಗೆ ಬಂತು. ಮೂರನೆಯ ದಿನ ಶಾಲೆ ಬಿಡುವ ಮೊದಲೇ ಹೊರಟು, ಹಳಿಯಡಿಯ ದಾರಿಯಲ್ಲಿ ನಡೆದುಕೊಂಡೇ ನೆಲ್ಲಿಗುಡ್ಡೆಗೆ ಹೋದರು. ಸಹಿ ಹಾಕುವುದಿಲ್ಲವೆಂದು ಹೇಳಿ ಗೆಳತಿಯ ಮನಸ್ಸು ಹಗುರ ಮಾಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು.

ನೆಲ್ಲಿಗುಡ್ಡೆ ಶಾಲೆಯ ಒಂದೇ ಕೋಣೆಯಲ್ಲಿ ಹನ್ನೊಂದು ಮಕ್ಕಳು ಕೂತಿದ್ದರು. ಐದನೆಯ ತರಗತಿಯ ಹುಡುಗಿಯೊಬ್ಬಳು ಒಂದನೆಯ ಇಬ್ಬರಿಗೆ ಅಕ್ಷರ ತಿದ್ದಿಸುತ್ತಿದ್ದಳು. ಸ್ನೇಹಲತಾ ಟೀಚರ್ ಮೂರನೆಯವರ ಮಗ್ಗಿ ಕೇಳುತ್ತ, ಕಣ್ಣು ಮಾತ್ರ ನಾಲ್ಕನೆಯವರ ಪುಸ್ತಕದ ಮೇಲಿಟ್ಟಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎರಡು ವರ್ಷದಲ್ಲಿ ಅದನ್ನೂ ತಾನು ಸರಿಯಾಗಿ ನೋಡಿರಲಿಲ್ಲವೆಂದು ಶರ್ಲಿ ಟೀಚರಿಗೆ ನಾಚಿಕೆಯಾಯಿತು.

"ಬಾ ಶರ್ಲಿ. ನಿನ್ನ ವ್ಯಾನ್ ದಿನಾ ಬರ್ತದೆ, ನಿಂಗೆ ಮಾತ್ರ ದಾರಿ ಗೊತ್ತಿರ್ಲಿಲ್ಲ ಅಂತ ಕಾಣ್ತದೆ."

ಶರ್ಲಿ ಟೀಚರ್ ಬೆಂಚಿನ ತುದಿಯಲ್ಲಿ ಕೂತರು. ಒಲೆಯ ಕೋಣೆಯಿಂದ ಡಾಲಿ ಬಾಯಿ ಇಣುಕಿ ನೋಡಿ ಚಾಕ್ಕೆ ನೀರಿಟ್ಟಳು.

"ನಾನು ಸೈನ್ ಹಾಕುದಿಲ್ಲ ಸ್ನೇಹಾ. ಅದನ್ನು ಹೇಳ್ಲಿಕ್ಕೇ ಬಂದದ್ದು."

ಸ್ನೇಹಲತಾ ನಕ್ಕರು. ಅದು ಖುಷಿಯ ನಗುವಲ್ಲ. "ಹಾಕದಿದ್ರೆ ನಿಂಗೆ ಒಳ್ಳೆ ನಿದ್ದೆ ಬರ್ತದೆ. ಈ ಮಕ್ಕಳಿಗೆ ಎಂತ ಸಿಗ್ತದೆ? ನಾನೊಬ್ಬಳು, ಐದು ಕ್ಲಾಸ್. ಸೋಮವಾರ ಮೀಟಿಂಗಿಗೆ ಹೋದೆ, ಡಾಲಿ ಪದ್ಯ ಹೇಳಿಸಿದಳು. ಕೊಂಕಣಿ ಪದ್ಯ. ಆ ಕೊಪ್ಪಳದ ಮಕ್ಕಳು ಈಗ ಚಂದ ಕೊಂಕಣಿ ಹಾಡ್ತಾವೆ, ಕನ್ನಡ ಓದ್ಲಿಕ್ಕೆ ಬರುದಿಲ್ಲ."

"ಹಾಗಾದ್ರೆ ಹಾಕಲಾ?"

"ಅದನ್ನು ನನ್ನ ಹತ್ರ ಕೇಳ್ತೀಯಲ್ಲ, ಇಪ್ಪತ್ತಮೂರು ಮಕ್ಕಳನ್ನು ತಗೊಂಡು ಹೋಗುವಾಗ ಕೇಳಿದ್ದೀಯಾ?" ಮಕ್ಕಳು ತಲೆಯೆತ್ತಿ ನೋಡಿದರು. ಸ್ನೇಹಲತಾ ದನಿ ಇಳಿಸಿದರು. "ನೀನು ಒಂದು ಫೋನ್ ಮಾಡಿದ್ರೆ ನಾನೇ ಕಳಿಸ್ತಿದ್ದೆ ಮಾರಾಯ್ತಿ. ನಜ್ಲಾನ ಮಗಳು ಹುಷಾರಿ, ಅವಳಿಗೆ ನಿನ್ನ ಶಾಲೆಯೇ ಸರಿ. ಆದ್ರೆ ನೀನು ಮಾತಾಡ್ಲಿಲ್ಲ. ಪ್ರತಿ ಸಲ ಮೊಬೈಲಿನಲ್ಲಿ ಆ ಕೋರಿಕೆ ಬರುವಾಗ, ಮೊದಲು ನೀನು ಫೋನ್ ಮಾಡ್ತಿ, ಆಮೇಲೆ ಒಪ್ಪುವ ಅಂತ ಐದು ನಿಮಿಷ ಕಾಯ್ತಿದ್ದೆ."

ಶರ್ಲಿ ಟೀಚರ್ ಡಾಲಿ ತಂದ ಚಾದ ಲೋಟವನ್ನು ಬದಿಗಿಟ್ಟರು. ಹೇಳಲು ಕ್ಷಮಿಸು ಎಂಬ ಒಂದು ಮಾತಿತ್ತು. ಅದೂ ಇಷ್ಟು ತಡವಾದ ಮೇಲೆ ಬಾಯಿಗೆ ಬರಲಿಲ್ಲ. ಕಾಗದವನ್ನು ತೆಗೆದು ಗೆಳತಿಯ ಕೈಗೆ ಕೊಟ್ಟರು.

ಸ್ನೇಹಲತಾ ಕನ್ನಡಕ ಏರಿಸಿ, ಮಕ್ಕಳ ಉತ್ತರಪತ್ರಿಕೆ ನೋಡುವ ಹಾಗೆ ಒಂದೊಂದೇ ಸಾಲು ಓದಿದರು. ನಂತರ ಬೆರಳಿಟ್ಟು ತೋರಿಸಿದರು. "ಖಾಯಂ ವಾಹನ. ಇದು ಯಾರ ವಾಹನ?"

"ವಾಲ್ಟರಿನವರದ್ದು. ಹಳೆ ವಿದ್ಯಾರ್ಥಿಗಳದ್ದು."

"ಅಲ್ಲಿ ನೋಡು, ಒಂದನೆಯ ಸಾಲಿನಲ್ಲಿ ಕೂತ ಆ ಸಣ್ಣದು. ಅದು ಏಳನೆಯ ಮುಗಿಸ್ಲಿಕ್ಕೆ ಇನ್ನೂ ಆರು ವರ್ಷ ಉಂಟು. ನಾವಿಬ್ಬರೂ ಬರುವ ವರ್ಷ ರಿಟೈರ್ ಆಗಿ ಮನೆಗೆ ಹೋಗ್ತೇವೆ. ಆರು ವರ್ಷ ಆ ವ್ಯಾನ್ ಬರ್ತದಾ? ಬಾರದಿದ್ರೆ ಇಲ್ಲಿ ಶಾಲೆ ಇರುದಿಲ್ಲ, ನಿನ್ನಲ್ಲಿಗೆ ಹೋಗ್ಲಿಕ್ಕೆ ಆಗುದಿಲ್ಲ. ಆ ಕೆಲಸದವರು ಕೂಲಿ ಬಿಟ್ಟು ಮಕ್ಕಳನ್ನು ಅಷ್ಟು ದೂರ ದಿನಾ ನಡೆಸಿಕೊಂಡು ಬರ್ತಾರಾ? ನಂಗೆ ನನ್ನ ಕುರ್ಚಿಯ ಚಿಂತೆ ಇಲ್ಲ ಶರ್ಲಿ. ವಾಲ್ಟರಿನ ಹತ್ರ ಕೇಳು. ಅವನು ಆರು ವರ್ಷ ಅಂದ್ರೆ ಸೈನ್ ಹಾಕು. ನಾನೇ ಬಾಗಿಲಿಗೆ ಬೀಗ ಹಾಕಿ ಕೀ ಕೊಡ್ತೇನೆ."

ಮರುದಿನ ಶರ್ಲಿ ಟೀಚರ್ ಫಳ್ನೀರಿಗೆ ಹೋದರು. ವಾಲ್ಟರ್ ಎದ್ದು ನಿಂತು ಕುರ್ಚಿ ಕೊಟ್ಟ. ಹೊಸ ಕೋಣೆಗಳ ಸುದ್ದಿ ಕೇಳಿ ಮೇಜು ತಟ್ಟಿದ. ಆದರೆ ಆರು ವರ್ಷ ಎಂದ ಕೂಡಲೇ ಮುಖ ಸಣ್ಣದಾಯಿತು. ಇಬ್ಬರೂ ಮಾತಾಡಿದ್ದು ಕೊಂಕಣಿಯಲ್ಲಿ. ಅವನು ಹೇಳಿದ್ದರ ಸಾರ ಇದು:

"ಟೀಚರ್, ನಿಮಗೆ ನಾನು ಸುಳ್ಳು ಹೇಳುವುದಿಲ್ಲ. ಸಂಘ ಅಂದರೆ ದೊಡ್ಡ ಹೆಸರು, ಕೈ ಬಿಚ್ಚುವವರು ಈಗ ಉಳಿದದ್ದು ನಾವು ಒಂಬತ್ತು ಜನ. ಕಳೆದ ವರ್ಷ ಇಬ್ಬರು ತೀರಿಕೊಂಡರು, ಅವರ ಮಕ್ಕಳಿಗೆ ಈ ಶಾಲೆ ಎಲ್ಲಿದೆಯೆಂದೇ ಗೊತ್ತಿಲ್ಲ. ಬರುವ ಮಾರ್ಚಿನವರೆಗೆ ವ್ಯಾನ್ ಓಡುತ್ತದೆ, ಅದು ನನ್ನ ಮಾತು. ಆಮೇಲೆ ದೇವರು ಮತ್ತು ಡೀಸೆಲ್."

"ಬರೆದು ಕೊಡುವುದಿಲ್ಲ ಹಾಗಾದರೆ."

"ಹೇಗೆ ಕೊಡಲಿ? ಆದರೆ ನೀವು ಬರೆಯಿರಿ ಟೀಚರ್. ಎಲ್ಲರೂ ಬರೆಯುತ್ತಾರೆ. ಮೊದಲು ಕೋಣೆ ಬರಲಿ. ಒಮ್ಮೆ ಕಟ್ಟಿದ ಗೋಡೆಯನ್ನು ಯಾರೂ ವಾಪಸು ಕೊಂಡುಹೋಗುವುದಿಲ್ಲ."

ಅದೂ ನಿಜವೇ. ಬಸ್ಸಿನಲ್ಲಿ ಹಿಂದೆ ಬರುವಾಗ ಶರ್ಲಿ ಟೀಚರ್ ಆ ನಿಜವನ್ನು ಮಗುಚಿ ಮಗುಚಿ ನೋಡಿದರು. ಸಹಿ ಹಾಕಿದರೆ ಗೋಡೆ ಬರುತ್ತದೆ, ಟೀಚರ್ ಬರುತ್ತಾರೆ, ನೂರ ಮೂವತ್ತೊಂಬತ್ತು ಮಕ್ಕಳಿಗೆ ಒಳ್ಳೆಯದಾಗುತ್ತದೆ. ಹನ್ನೊಂದು ಮಕ್ಕಳಿಗೂ ಬರುವ ಮಾರ್ಚಿನವರೆಗೆ ಒಳ್ಳೆಯದೇ. ಮಾರ್ಚಿನ ನಂತರದ್ದನ್ನು ಯಾರೂ ಕೇಳಲಾರರು. ಕೇಳುವ ಹೊತ್ತಿಗೆ ತಾನು ಪಿಂಚಣಿಯ ಕಾಗದ ಹಿಡಿದು ಮನೆಯಲ್ಲಿರುತ್ತೇನೆ. ಸರಕಾರ ನಡೆಸಬೇಕಾದ ಒಂದು ಶಾಲೆಯನ್ನು ಒಂಬತ್ತು ಜನರ ದಯೆಯ ಮೇಲೆ ಹತ್ತಿಸಿ ಕಳಿಸುವ ಕಾಗದ ಅದು. ವ್ಯಾನ್ ಬೇಕೆಂದು ಹಠ ಹಿಡಿದವಳು ತಾನೇ. ಇಳಿಯುವ ಸ್ಟಾಪ್ ಯಾವಾಗ ದಾಟಿತೋ ತಿಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿಳಿದು ಬಿಸಿಲಲ್ಲಿ ಹಿಂದೆ ನಡೆದರು.

ಹತ್ತನೆಯ ತಾರೀಕು ಮಕ್ಕಳಿಗೆ ಫಲಿತಾಂಶ ಓದಿ ಹೇಳಿ, ರಜೆಗೆ ಕಳಿಸಿ, ಖಾಲಿ ಕೋಣೆಯಲ್ಲಿ ಕೂತು ಅವರು ತನ್ನ ಕೈಬರಹದಲ್ಲೇ ಒಂದು ಪತ್ರ ಬರೆದರು. ಶಾಲೆಯ ವಾಹನ ಹಳೆ ವಿದ್ಯಾರ್ಥಿಗಳ ಔದಾರ್ಯದಿಂದ ನಡೆಯುತ್ತಿದೆ, ಅವರು ಬರುವ ಮಾರ್ಚಿನವರೆಗೆ ಮಾತ್ರ ಭರವಸೆ ಕೊಟ್ಟಿದ್ದಾರೆ, ಆದ್ದರಿಂದ ಅದನ್ನು ಖಾಯಂ ವ್ಯವಸ್ಥೆಯೆಂದು ನಾನು ಹೇಳಲಾರೆ. ಇಲಾಖೆಯೇ ವಾಹನ ಒದಗಿಸುವುದಾದರೆ ಹನ್ನೊಂದು ಮಕ್ಕಳನ್ನೂ ಸಂತೋಷದಿಂದ ಸೇರಿಸಿಕೊಳ್ಳುತ್ತೇವೆ; ಇಲ್ಲವಾದರೆ ನೆಲ್ಲಿಗುಡ್ಡೆ ಶಾಲೆ ಅಲ್ಲೇ ಇರಲಿ, ಅಲ್ಲಿಗೆ ಇನ್ನೊಬ್ಬ ಶಿಕ್ಷಕರನ್ನು ಕೊಡಬೇಕೆಂದು ವಿನಂತಿ.

ನಿತ್ಯಾನಂದ ನಿಂತುಕೊಂಡೇ ಓದಿದರು. "ಇದು ಮೇಲೆ ಹೋದ್ರೆ ನಿಮ್ಮ ಹೆಸರು ಲಿಸ್ಟಿನಿಂದ ಹೋಯ್ತು ಟೀಚರ್. ಕೋಣೆ ಇಲ್ಲ, ಟೀಚರ್ ಇಲ್ಲ. ನೆಲ್ಲಿಗುಡ್ಡೆಗೂ ಯಾರನ್ನೂ ಕೊಡುದಿಲ್ಲ. ಎರಡು ಕಡೆಯೂ ನಷ್ಟ. ಒಂದು ಶಬ್ದಕ್ಕೆ ಇಷ್ಟೆಲ್ಲ ಎಂತಕ್ಕೆ?"

"ಇದ್ದದ್ದನ್ನು ಬರೆದಿದ್ದೇನೆ ಸರ್."

"ಇದ್ದದ್ದನ್ನು ಯಾರು ಕೇಳಿದ್ದು ನಿಮ್ಮ ಹತ್ರ?" ಹಾಗೆಂದವರು ಪತ್ರವನ್ನು ಮಡಚದೆ, ಒಂದು ಫೈಲಿನೊಳಗೆ ನೇರವಾಗಿಟ್ಟು, ಚೀಲಕ್ಕೆ ಹಾಕಿದರು. ಸ್ಕೂಟರಿನ ಹತ್ತಿರ ಹೋಗಿ ಮತ್ತೆ ಹಿಂದೆ ಬಂದರು. "ನಂಗೆ ಹೀಗೆ ಬರೀಲಿಕ್ಕೆ ಧೈರ್ಯ ಸಾಲುದಿಲ್ಲ ಟೀಚರ್. ಬೇಜಾರು ಮಾಡ್ಬೇಡಿ" ಎಂದು ಹೇಳಿ ಹೋದರು.

ಅವರು ಹೇಳಿದಂತೆಯೇ ಆಯಿತು. ಜೂನಿನಲ್ಲಿ ಬಂದ ಪಟ್ಟಿಯಲ್ಲಿ ಗೋಳಿಪದವಿನ ಹೆಸರಿರಲಿಲ್ಲ. ನೆಲ್ಲಿಗುಡ್ಡೆಯ ವಿಲೀನವನ್ನು ಮುಂದಿನ ಆದೇಶದವರೆಗೆ ತಡೆದರು. ಅಲ್ಲಿಗೆ ಹೊಸ ಟೀಚರ್ ಬರಲಿಲ್ಲ. ಶರ್ಲಿ ಟೀಚರ ಸಹೋದ್ಯೋಗಿಗಳು ಬೆನ್ನ ಹಿಂದೆ ಆಡಿಕೊಂಡರು. ನಜ್ಲಾ ಮಾತ್ರ ನೇರವಾಗಿ ಬಂದು ಕೇಳಿದಳು.

"ಹೊಸ ಕ್ಲಾಸ್ ರೂಮ್ ಬರ್ತದೆ ಅಂತ ಹೇಳಿದ್ರಲ್ಲ ಟೀಚರ್. ಬರುದಿಲ್ವಾ?"

"ಇಲ್ಲ ನಜ್ಲಾ."

"ನಿಮ್ಮಿಂದಲೇ ಹೋಯ್ತು ಅಂತಾರೆ."

"ಹೌದು. ನನ್ನಿಂದಲೇ."

ನಜ್ಲಾ ಮಗಳ ಬ್ಯಾಗಿನ ಜಿಪ್ ಎಳೆದು ಸರಿಮಾಡಿ ಹೋದಳು.

ಮಳೆ ಹಿಡಿಯಿತು. ರಂಗಮಂಟಪದ ಪಡುವಣ ಬದಿಗೆ ವಾಲ್ಟರ್ ಕಳಿಸಿದ ಟರ್ಪಾಲು ಕಟ್ಟಿದರು. ಗಾಳಿಗೆ ಅದು ಹೊಡೆದುಕೊಳ್ಳುವ ಸದ್ದಿನಲ್ಲಿ ಪಾಠ ಕೇಳುವುದಿಲ್ಲವೆಂದು ಶರ್ಲಿ ಟೀಚರ್ ಲೆಕ್ಕಗಳನ್ನು ಬೋರ್ಡಿನ ಮೇಲೆಯೇ ಬರೆದು, ಮಕ್ಕಳ ನಡುವೆ ನಡೆಯುತ್ತ, ತಪ್ಪಿದವರ ಪುಸ್ತಕದ ಮೇಲೆ ಬೆರಳಿಟ್ಟು ತೋರಿಸುವರು. ಒಂದು ಮಂಗಳವಾರ ಹಾಗೆ ನಡೆಯುತ್ತಿದ್ದಾಗ ಫೋನ್ ಬಂತು.

"ಶರ್ಲಿ, ಗುರುವಾರ ನಂಗೆ ತರಬೇತಿ ಹಾಕಿದ್ದಾರೆ. ಇಡೀ ದಿನ." ಸ್ನೇಹಲತಾ ಟೀಚರ ದನಿ. "ನಿನ್ನ ವ್ಯಾನಿನಲ್ಲಿ ಜಾಗ ಉಂಟಾ?"

"ಎಷ್ಟು ಜನ?"

"ಹನ್ನೊಂದು. ಮತ್ತೆ ಡಾಲಿ."

"ಅಬೂಬಕ್ಕರ್ ಎರಡು ಸಲ ಬರ್ಲಿ. ಹೇಗೂ ಅಲ್ಲಿಯೇ ತಿರುಗಿಸುದು."

"ಅಕ್ಕಿ, ಮೊಟ್ಟೆ ನಮ್ಮದೇ ಕಳಿಸ್ತೇನೆ. ನಮ್ಮ ಶಾಲೆಯ ಅಕ್ಕಿ ನಿನ್ನ ಪಾತ್ರೆಗೆ ಬಿದ್ರೆ ಮೇಲಿನವರು ಕೇಳ್ತಾರೇನೋ."

"ಕೇಳ್ಲಿ. ನಾನೇ ಹೇಳ್ತೇನೆ." ಶರ್ಲಿ ಟೀಚರ್ ಟರ್ಪಾಲಿನ ಸದ್ದಿನಿಂದ ದೂರ ಸರಿದು ಅಂಗಳದ ತುದಿಗೆ ಬಂದರು. "ಸ್ನೇಹಾ, ಶುಕ್ರವಾರ ಮಧ್ಯಾಹ್ನ ಗ್ರೀಷ್ಮಾಗೆ ಎರಡು ಪಿರಿಯಡ್ ಬಿಡುವು ಉಂಟು. ಇಂಗ್ಲಿಷಿಗೆ ಆಚೆ ಕಳಿಸಲಾ? ನಿನ್ನ ಹತ್ರ ಕೇಳ್ತಾ ಇದ್ದೇನೆ."

"ಕಳಿಸು. ಹಿಂದೆ ಬರುವಾಗ ಅವಳ ಚೀಲ ತಪಾಸಣೆ ಮಾಡ್ತೇನೆ, ಮಕ್ಕಳನ್ನು ತುಂಬಿಸ್ಕೊಂಡು ಹೋದ್ರೆ ಕಷ್ಟ" ಎಂದರು ಸ್ನೇಹಲತಾ. ಇಬ್ಬರಿಗೂ ನಗಲು ಸ್ವಲ್ಪ ಸಮಯ ಹಿಡಿಯಿತು.

ಗುರುವಾರ ಬೆಳಗ್ಗೆ ವ್ಯಾನಿನಿಂದ ಮೊದಲು ಇಳಿದದ್ದು ಡಾಲಿ ಬಾಯಿ. ಒಂದು ಕೈಯಲ್ಲಿ ಅಕ್ಕಿಯ ಚೀಲ, ಇನ್ನೊಂದರಲ್ಲಿ ಹನ್ನೊಂದು ಮೊಟ್ಟೆಯ ಬುಟ್ಟಿ. ಗೋಳಿಪದವಿನ ಅಡುಗೆಯವಳ ಪಾತ್ರೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ತೊಳೆಯಬೇಕು ಎಂದು ತೀರ್ಪು ಕೊಟ್ಟು, ಬಂದ ಐದೇ ನಿಮಿಷದಲ್ಲಿ ಒಂದು ಸಣ್ಣ ಜಗಳ ಮಾಡಿಕೊಂಡಳು. ಎರಡನೆಯ ಸಲ ಬಂದ ವ್ಯಾನಿನಿಂದ ಉಳಿದ ಮಕ್ಕಳು ಇಳಿದು, ಮಳೆಯಲ್ಲಿ ಒಬ್ಬರನ್ನೊಬ್ಬರು ಅಂಟಿಕೊಂಡು ಜಗಲಿಯಲ್ಲಿ ನಿಂತರು. ಅವರನ್ನು ಹಾಜರಿ ಪುಸ್ತಕದಲ್ಲಿ ಬರೆಯುವಂತಿರಲಿಲ್ಲ. ಶರ್ಲಿ ಟೀಚರ್ ಒಂದು ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹನ್ನೊಂದು ಹೆಸರು ಬರೆದುಕೊಂಡರು. ಎಲ್ಲಕ್ಕಿಂತ ಸಣ್ಣದು ಅವರ ಸೀರೆಯ ಸೆರಗು ಜಗ್ಗಿತು.

"ಟೀಚರ್, ಸಂಜಿಕ್ ಮನಿಗೆ ಹೋಗ್ತೀವೇನ್ರಿ?"

"ಹೋಗ್ತೀರಿ."

"ನಾಳೆ ಮತ್ ಇಲ್ಲೇ ಬರ್ಬೇಕೇನ್ರಿ?"

"ನಾಳೆ ನಿಮ್ಮ ಶಾಲೆ ಉಂಟು. ನಿಮ್ಮ ಟೀಚರ್ ಬರ್ತಾರೆ."

ಅದಕ್ಕಿಂತ ಮುಂದಿನದ್ದನ್ನು ಮಗು ಕೇಳಲಿಲ್ಲ. ಶರ್ಲಿ ಟೀಚರ್ ಅದರ ಒದ್ದೆ ಕೈ ಹಿಡಿದುಕೊಂಡು, ಗ್ರೀಷ್ಮಾಳ ಕೋಣೆಯಲ್ಲಿ ಒಂದು ಬೆಂಚು ಎಳೆದು ಜಾಗ ಮಾಡಿ ಕೂರಿಸಿದರು. ಆಮೇಲೆ ಚಾಕ್‌ಪೀಸಿನ ಡಬ್ಬಿ ತೆಗೆದುಕೊಂಡು ರಂಗಮಂಟಪದ ಮೆಟ್ಟಿಲು ಹತ್ತಿದರು.